ಸಿಂಧನೂರಿನ ಬಂಗಾಳಿ ನಿರಾಶ್ರಿತರ ಪೌರತ್ವ ಪ್ರಶ್ನೆ

ಸಿಂಧನೂರಿನ ಬಂಗಾಳಿ ನಿರಾಶ್ರಿತರು ಎಂದರೆ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಹಿಂದೂ ಕುಟುಂಬಗಳು ಮತ್ತು ಅವರ ಸಂತತಿಯವರು. ಇವರಲ್ಲಿ, ಮುಖ್ಯವಾಗಿ ತಡವಾಗಿ ಬಂದು ಸೇರಿದವರಲ್ಲಿ, ಹಲವರ ಪೌರತ್ವ ಬಹುಕಾಲ ಅನಿಶ್ಚಿತವಾಗಿಯೇ ಉಳಿದಿದೆ. 2019ರ ಪೌರತ್ವ (ತಿದ್ದುಪಡಿ) ಕಾಯ್ದೆ ಇವರಿಗೆ ಒಂದು ದಾರಿಯನ್ನು ತೆರೆದಿದೆ.

ನೆಲೆ

ಬಳ್ಳಾರಿಯಿಂದ ಕುರುಗೋಡು ಸೀಮೆಯನ್ನು ಬಳಸಿ ಸಿರುಗುಪ್ಪಕ್ಕೆ ಬಂದು, ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ತಾಲ್ಲೂಕು. ನದಿಯ ಎರಡೂ ದಡಗಳಲ್ಲಿ 'ಕ್ಯಾಂಪ್' ಎಂಬ ಪದ ಊರಿನ ಹೆಸರಿಗೆ ಅಂಟಿಕೊಂಡಿರುತ್ತದೆ. ತುಂಗಭದ್ರಾ ಕಾಲುವೆಗಳಿಗೆ ನೀರು ಬಂದ ಮೇಲೆ ಆಂಧ್ರದ ಕೃಷಿಕರು ಕಟ್ಟಿಕೊಂಡ ಕ್ಯಾಂಪುಗಳೇ ಇವುಗಳಲ್ಲಿ ಹೆಚ್ಚು. ಆದರೆ 'ಆರ್.ಎಚ್. ಕ್ಯಾಂಪ್'ಗಳು ಬೇರೆ ಬಗೆಯವು. ಅವು ಸರ್ಕಾರವೇ ನಿರಾಶ್ರಿತರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಕಾಲೊನಿಗಳು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಇಲ್ಲಿನ ರೂಢಿ. ನಿವಾಸಿಗಳಲ್ಲಿ ನಾಮಶೂದ್ರ ಸಮುದಾಯದವರು ಬಹಳ.

ಕಾನೂನಿನ ತೊಡಕು

1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರು. ಆ ಬಳಿಕ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕಾಯಿತು. 2003ರ ತಿದ್ದುಪಡಿ ಜಾರಿಗೆ ಬಂದ 2004ರ ಡಿಸೆಂಬರ್ 3ರಿಂದ, ಹೆತ್ತವರಲ್ಲಿ ಒಬ್ಬರು 'ಅಕ್ರಮ ವಲಸಿಗ'ರಾಗಿದ್ದರೂ ಮಗುವಿಗೆ ಜನ್ಮತಃ ಪೌರತ್ವ ಇಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ಪೌರ, ತಮ್ಮ ಪೌರನಲ್ಲ ಎಂಬ ವಿಚಿತ್ರ ಸ್ಥಿತಿ ಉಂಟಾಗಬಲ್ಲದು. ಅದೇ ತಿದ್ದುಪಡಿ ಅಕ್ರಮ ವಲಸಿಗರೆಂದು ಪರಿಗಣಿತರಾದವರು ನೋಂದಣಿಯ ಮೂಲಕ ಪೌರತ್ವ ಪಡೆಯುವ ಬಾಗಿಲನ್ನೂ ಮುಚ್ಚಿತು.

2019ರ ತಿದ್ದುಪಡಿ

2019ರ ಡಿಸೆಂಬರ್ 12ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯ್ದೆಯು, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರ ವ್ಯಾಖ್ಯೆಯಿಂದ ಹೊರಗಿಟ್ಟಿತು. ದೇಶೀಕರಣಕ್ಕೆ ಬೇಕಾದ ವಾಸದ ಅವಧಿ ಇವರಿಗೆ 11 ವರ್ಷದಿಂದ 5 ವರ್ಷಕ್ಕೆ ಇಳಿಯಿತು. ನಿಯಮಗಳು ಹೊರಬಿದ್ದದ್ದು ಮಾತ್ರ 2024ರ ಮಾರ್ಚ್ 11ರಂದು. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ಪತ್ರ ದೊರೆಯಿತು.

ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಬೇಕು. ಅದನ್ನು ಪರಿಶೀಲಿಸುವ ಜಿಲ್ಲಾ ಸಮಿತಿಯ ಮುಖ್ಯಸ್ಥರು ಅಂಚೆ ಇಲಾಖೆಯ ಅಧೀಕ್ಷಕರು. ಮೂಲ ದೇಶದವರೆಂಬುದಕ್ಕೆ ಒಂದು, ಗಡುವಿನೊಳಗೆ ಬಂದರೆಂಬುದಕ್ಕೆ ಇನ್ನೊಂದು ದಾಖಲೆ ಬೇಕು. ಎರಡನೆಯದಕ್ಕೆ ಪಡಿತರ ಚೀಟಿ, ಶಾಲೆಯ ಪ್ರಮಾಣಪತ್ರದಂಥವು ಸಲ್ಲುತ್ತವೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕಕ್ಕೆ ಇಂಥ ಬೆಲೆ ಬರುವುದೆಂದು ಅದನ್ನು ಬರೆದಿಟ್ಟ ಗುಮಾಸ್ತರು ಊಹಿಸಿರಲಾರರು. ಕಷ್ಟವಿರುವುದು ಮೊದಲನೆಯದರಲ್ಲಿ. ತಂದೆ, ತಾತ ಅಥವಾ ಮುತ್ತಾತನ ಯಾವುದಾದರೂ ಕಾಗದವಾದರೂ ಸಾಕು ಎಂದು ನಿಯಮ ಸಡಿಲಿಸಿದ್ದರೂ, ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಬಳಿ ಅದೂ ಇರುವುದು ಅಪರೂಪ. ಇನ್ನೊಂದು ಅಳುಕು ಇದಕ್ಕಿಂತ ದೊಡ್ಡದು: ಅರ್ಜಿ ಹಾಕುವುದೆಂದರೆ ತಾನು ಪೌರನಲ್ಲವೆಂದು ತಾನೇ ಬರೆದುಕೊಟ್ಟಂತೆ. ಮತ ಹಾಕಿದ, ಪಡಿತರ ಪಡೆದ ಕುಟುಂಬಕ್ಕೆ, ಅರ್ಜಿ ತಿರಸ್ಕೃತವಾದರೆ ಮುಂದೇನು ಎಂಬ ಭಯ ಸಹಜವೇ ಆಗಿದೆ.

ವಿವಾದ ಮತ್ತು ಮುಂದಿನ ಹಾದಿ

ಧರ್ಮವನ್ನು ಪೌರತ್ವದ ಮಾನದಂಡವಾಗಿಸಿದ್ದು ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟಿಗೆ ಹಲವು ಅರ್ಜಿಗಳು ಸಲ್ಲಿಕೆಯಾದವು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಯಮಗಳಿಗೆ ತಡೆ ನೀಡಲಿಲ್ಲ. ಶ್ರೀಲಂಕಾ ತಮಿಳರೂ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರೂ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ 1987ಕ್ಕೆ ಮೊದಲು ಇಲ್ಲಿ ಹುಟ್ಟಿದ ಟಿಬೆಟನ್ನರು ಪೌರರೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪಿತ್ತಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು 2024ರ ಡಿಸೆಂಬರ್ 31ರವರೆಗೆ ಬಂದ ಇದೇ ಸಮುದಾಯಗಳವರಿಗೆ ದಾಖಲೆಯಿಲ್ಲದ ಪ್ರವೇಶದ ಶಿಕ್ಷೆಯಿಂದ ವಿನಾಯಿತಿ ನೀಡಿತು. ಇದನ್ನು ಪೌರತ್ವದ ಗಡುವಿನ ವಿಸ್ತರಣೆ ಎಂದು ತಿಳಿಯುವುದು ತಪ್ಪು. ಪೌರತ್ವಕ್ಕೆ 2014ರ ಗಡುವೇ ಉಳಿದಿದೆ. ಪೌರತ್ವ ದೊರೆತರೂ ಜಾತಿ ಪ್ರಮಾಣಪತ್ರದ ಸಮಸ್ಯೆ ಪ್ರತ್ಯೇಕ: ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯವರು, ಆದರೆ ಆ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.