ಸಲ್ಲೇಖನ

ಸಲ್ಲೇಖನವೆಂದರೆ ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು ಇಲ್ಲವೆ ರೋಗ ಎದುರಾದಾಗ ಗುರುವಿನ ಅನುಮತಿ ಪಡೆದು, ಮೊದಲು ಅನ್ನವನ್ನೂ ಬಳಿಕ ಹಾಲು ಮಜ್ಜಿಗೆಗಳನ್ನೂ ಕೊನೆಗೆ ನೀರನ್ನೂ ತೊರೆದು ಸಮಭಾವದಿಂದ ದೇಹ ಬಿಡುವ ಜೈನ ವ್ರತ. ಸಮಾಧಿಮರಣ, ಸನ್ಯಸನ ಎಂಬ ಹೆಸರುಗಳೂ ಇದಕ್ಕುಂಟು; ಶ್ವೇತಾಂಬರರು ಸಂಥಾರಾ ಎನ್ನುತ್ತಾರೆ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಅದರಲ್ಲೂ ಚಿಕ್ಕಬೆಟ್ಟವೆನಿಸಿದ ಚಂದ್ರಗಿರಿಯ ಬಂಡೆಗಳ ಮೇಲೆ, ಹೀಗೆ ಮಡಿದ ಮುನಿಗಳ, ಕಂತಿಯರ (ಜೈನ ಸನ್ಯಾಸಿನಿಯರ) ಹಾಗೂ ಗೃಹಸ್ಥರ ಸ್ಮಾರಕ ಶಾಸನಗಳಿವೆ. ರಾಷ್ಟ್ರಕೂಟ ನಾಲ್ಕನೆಯ ಇಂದ್ರ 982ರಲ್ಲಿ ಇಲ್ಲಿ ವ್ರತಸ್ಥನಾಗಿ ತೀರಿಕೊಂಡ; ಪಾರ್ಶ್ವನಾಥ ಬಸದಿಯ ಕಂಬದ ಶಾಸನ 1129ರ ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣವನ್ನು ಹೇಳುತ್ತದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮಡಿದ ಮೇಲೆ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ತಿಂಗಳ ಕಾಲ ಉಪವಾಸವಿದ್ದು ಪ್ರಾಣ ಬಿಟ್ಟಳು.

ಶಾಸ್ತ್ರಕಾರರು ಇದನ್ನು ಆತ್ಮಹತ್ಯೆಯೆಂದು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ, ಅಂದರೆ ದೋಷಗಳಲ್ಲಿ, ಬದುಕುವ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ಒಂದು. ಆದರೂ ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಸಂಥಾರಾವನ್ನು ದಂಡನೀಯವೆಂದು ಸಾರಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಸಂಕಲ್ಪವನ್ನು ನೋಡಿ ಮರಣವನ್ನು ತೂಗುವ ಕ್ರಮ ಕ್ಯಾಥೊಲಿಕ್ ಧರ್ಮಸಭೆಯಲ್ಲೂ ಇದೆ. ವ್ಯಾಟಿಕನ್ನಿನ 1980ರ ಘೋಷಣೆಯೂ ಪೋಪ್ ಎರಡನೆಯ ಜಾನ್ ಪಾಲರ 1995ರ ವಿಶ್ವಪತ್ರವೂ ದಯಾಮರಣವನ್ನು ನಿಷೇಧಿಸುತ್ತವೆ. ವಿಶ್ವಪತ್ರವು ಸಾಯಬಯಸಿದವರಿಗೆ ನೆರವಾಗುವುದನ್ನೂ ಅದಕ್ಕೆ ಕಾನೂನಿನ ಮನ್ನಣೆ ಕೊಡುವುದನ್ನೂ ತಿರಸ್ಕರಿಸುತ್ತದೆ. ಆದರೆ ಸಾವು ಸಮೀಪಿಸಿದಾಗ, ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ರೋಗಿ ಬೇಡವೆನ್ನಬಹುದು, ಅದು ಆತ್ಮಹತ್ಯೆಯಲ್ಲ. ಎರಡು ಪರಂಪರೆಗಳು ಬೇರೆಯಾಗುವುದು ಅನ್ನ ನೀರಿನ ವಿಷಯದಲ್ಲಿ: ಜೈನರಿಗೆ ಅವುಗಳ ತ್ಯಾಗವೇ ವ್ರತ, ಧರ್ಮಸಭೆಗೆ, ದೇಹ ಸ್ವೀಕರಿಸುವವರೆಗೆ ರೋಗಿಗೆ ಅವನ್ನು ಕೊಡುವುದು ಸಾಮಾನ್ಯವಾಗಿ ಕಡ್ಡಾಯದ ಆರೈಕೆ.

ಭಾರತದ ಕಾನೂನು ಮೂರನೆಯ ಗೆರೆ ಎಳೆದಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಷರತ್ತುಬದ್ಧ ಅನುಮತಿ ನೀಡಿತು. ಕರ್ನಾಟಕದ ಆರೋಗ್ಯ ಇಲಾಖೆ ಅದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆತ್ಮಹತ್ಯೆಗೆ ನೆರವು ನೀಡುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 108ನೆಯ ಕಲಮಿನಡಿ ಅಪರಾಧವಾಗಿಯೇ ಉಳಿದಿದೆ.