ಡಾನಾ ಡಿ ವರೋನಾ: ಈಜುಕೊಳದಿಂದ ಪ್ರಸಾರಪೀಠಕ್ಕೆ

ಕ್ರೀಡೆಗಳ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಗೆಲವುಗಳನ್ನು ಎಣಿಸಿ ತೃಪ್ತರಾಗುವರು. ಸ್ಪರ್ಧಾಳುಗಳಿಗೆ ದೊರೆಯದೆ ಹೋದ ಅವಕಾಶಗಳನ್ನು ವಿಚಾರಿಸುವವರು ವಿರಳ. ಅಮೆರಿಕದ ಈಜುಗಾರ್ತಿ ಡಾನಾ ಡಿ ವರೋನಾಳ ಜೀವಿತವನ್ನು ಅರಿಯಬೇಕಾದರೆ ಈ ಎರಡನೆಯ ವಿಚಾರವೇ ಮುಖ್ಯವಾದುದು.

1947ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ಜನಿಸಿದ ಈಕೆಯು 1960ರಲ್ಲಿ, ತನ್ನ 13ನೆಯ ವಯಸ್ಸಿನಲ್ಲಿಯೇ, 400 ಮೀಟರು ಮಿಶ್ರಶೈಲಿಯ ಈಜಿನಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದಳು. ಚಿಟ್ಟೆಯೀಜು, ಬೆನ್ನೀಜು, ಎದೆಯೀಜು, ಮುಕ್ತಶೈಲಿ ಎಂಬ ನಾಲ್ಕು ಬಗೆಗಳನ್ನೂ ಒಬ್ಬರೇ ಕ್ರಮವಾಗಿ ನೂರು ನೂರು ಮೀಟರು ಈಜಬೇಕಾದ ಪಂದ್ಯವಿದು. ಆದರೆ ಅದೇ ವರ್ಷದ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಪಂದ್ಯಕ್ಕೆ ಸ್ಥಾನವಿರಲಿಲ್ಲ. ವಿಶ್ವದಾಖಲೆಯ ಒಡತಿಯು ರೋಮಿನಲ್ಲಿ ಸರದಿ ಈಜಿನ ಪ್ರಾಥಮಿಕ ಸುತ್ತಿಗೆ ಮಾತ್ರ ಇಳಿದು, ಪದಕವಿಲ್ಲದೆ ಹಿಂತಿರುಗಿದಳು. 1964ರ ಟೋಕಿಯೋ ಕ್ರೀಡೆಗಳಲ್ಲಿ ಆ ಪಂದ್ಯವು ಮೊದಲ ಬಾರಿಗೆ ಸೇರಿತು. ಡಾನಾ ಅದನ್ನು 5 ನಿಮಿಷ 18.7 ಸೆಕೆಂಡುಗಳಲ್ಲಿ ಮುಗಿಸಿ ಸ್ವರ್ಣಪದಕವನ್ನು ಪಡೆದಳು. 4×100 ಮೀಟರು ಮುಕ್ತಶೈಲಿಯ ಸರದಿ ಈಜಿನಲ್ಲಿ ಎರಡನೆಯ ಸ್ವರ್ಣವೂ ಲಭಿಸಿತು.

ರೋಮಿನ ಕೊರತೆಯು ಸ್ತ್ರೀಪುರುಷರಿಬ್ಬರಿಗೂ ಸಮಾನವಾಗಿದ್ದಿತು. ಟೋಕಿಯೋ ವಿಜಯದ ಅನಂತರ ಎದುರಾದ ಕೊರತೆಯಾದರೋ ಸ್ತ್ರೀಯರಿಗೆ ಮಾತ್ರ ಮೀಸಲಾದುದು. ಅದೇ ಕ್ರೀಡೆಗಳಲ್ಲಿ ನಾಲ್ಕು ಸ್ವರ್ಣಗಳನ್ನು ಗೆದ್ದ ಡಾನ್ ಶಾಲೆಂಡರನು ಯೇಲ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಈಜನ್ನು ಮುಂದುವರಿಸಿ, 1968ರಲ್ಲಿ ಮತ್ತೆ ಒಲಿಂಪಿಕ್ ಪದಕಗಳನ್ನು ಪಡೆದನು. ಅಂದಿನ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಈಜುಗಾರ್ತಿಯರಿಗೆ ಕ್ರೀಡಾವಿದ್ಯಾರ್ಥಿವೇತನವಿರಲಿಲ್ಲ. ಡಾನಾಳ ಸ್ಪರ್ಧಾಜೀವನವು ಹದಿನೇಳರ ಪ್ರಾಯದಲ್ಲಿಯೇ ಮುಗಿಯಿತು. ಮುಗಿದುದು ಅವಕಾಶವೇ ಹೊರತು ಶಕ್ತಿಯಲ್ಲ.

1965ರಲ್ಲಿ ಆಕೆಯು ಎ.ಬಿ.ಸಿ. ದೂರದರ್ಶನ ಸಂಸ್ಥೆಯನ್ನು ಸೇರಿ, ಆ ದೇಶದ ರಾಷ್ಟ್ರೀಯ ದೂರದರ್ಶನದ ಮೊದಮೊದಲಿನ ಕ್ರೀಡಾವ್ಯಾಖ್ಯಾನಕಾರ್ತಿಯರಲ್ಲಿ ಒಬ್ಬಳಾದಳು. ಈಜಿನ ಒಳಗುಟ್ಟನ್ನು ಅನುಭವದಿಂದ ಬಲ್ಲವಳ ಮಾತಿಗೆ ಅಧಿಕಾರವಿದ್ದಿತು. ಆ ಅಧಿಕಾರವನ್ನು ಆಕೆಯು ಪದಕಗಳ ವರ್ಣನೆಗೆ ಮಾತ್ರವೇ ಮೀಸಲಿಡಲಿಲ್ಲ. ಸರ್ಕಾರದ ಧನಸಹಾಯವನ್ನು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಶಾಸನದ ಪರವಾಗಿ ಬಹುಕಾಲ ವಾದಿಸಿದಳು. ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗಳು 1974ರಲ್ಲಿ ಸ್ಥಾಪಿಸಿದ ಮಹಿಳಾ ಕ್ರೀಡಾ ಪ್ರತಿಷ್ಠಾನಕ್ಕೆ 1979ರಿಂದ 1984ರವರೆಗೆ ಪ್ರಥಮಾಧ್ಯಕ್ಷೆಯಾಗಿದ್ದಳು. 1999ರ ಮಹಿಳಾ ವಿಶ್ವ ಫುಟ್‌ಬಾಲ್ ಪಂದ್ಯಾವಳಿಯ ವ್ಯವಸ್ಥಾಪಕ ಸಮಿತಿಗೂ ಅಧ್ಯಕ್ಷೆಯಾದಳು. ಅದರ ಅಂತಿಮ ಪಂದ್ಯಕ್ಕೆ 90,000ಕ್ಕೂ ಮೀರಿ ಪ್ರೇಕ್ಷಕರು ನೆರೆದರು.

ಆದುದರಿಂದ ಈಕೆಯ ಪ್ರಸಾರವೃತ್ತಿಯನ್ನು ವಿಜಯದ ಅನಂತರದ ವಿಶ್ರಾಂತಿಯೆಂದು ಭಾವಿಸುವುದು ಯುಕ್ತವಲ್ಲ. ತನಗೆ ಮುಚ್ಚಿದ್ದ ಬಾಗಿಲು ಇತರರಿಗೆ ತೆರೆಯಲೆಂದು ನಡೆಸಿದ ದೀರ್ಘ ಪ್ರಯತ್ನಕ್ಕೆ ಅದೇ ಪೀಠವಾಯಿತು.