ಆ ಹಳದಿ ಪೈಪು ಯಾರಿಗೆ?

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಸ್ಕೂಬಾ ಮಾಡೋಕೆ ಹೋದವರು ಗಮನಿಸಿರಬಹುದು. ಬಾಯಲ್ಲಿ ಒಂದು ರೆಗ್ಯುಲೇಟರ್ ಇದ್ದರೂ, ಎದೆಯ ಪಕ್ಕ ಇನ್ನೊಂದು, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಸುಮ್ಮನೆ ಸಿಕ್ಕಿಸಿರುತ್ತದೆ. ಅದು ಮುಖ್ಯವಾಗಿ ನಮಗಲ್ಲ, ಜೊತೆಗಾರನ ಗಾಳಿ ಮುಗಿದರೆ ಅವನಿಗೆ. ಇಷ್ಟು ಸಣ್ಣ ವಿಷಯ ಹೊಳೆಯೋಕೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1943ರಲ್ಲಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಆಕ್ವಾಲಂಗ್ ರೂಪಿಸಿದರು. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಂತೆ ಗಾಳಿ ಕೊಡುವ ಸಾಧನ. ಉಪಕರಣವೇನೋ ಬಂತು. ಕೆಳಗೆ ಎಡವಟ್ಟಾದರೆ ಏನು ಮಾಡಬೇಕು ಅನ್ನೋ ಪಾಠ ಇನ್ನೂ ಹುಟ್ಟಿರಲಿಲ್ಲ.

1946ರಲ್ಲಿ ಕುಸ್ತೊ ಮತ್ತು ಗೆಳೆಯ ದ್ಯೂಮಾ ವೊಕ್ಲೂಸ್ ಎಂಬಲ್ಲಿನ ಆಳವಾದ ಬುಗ್ಗೆಗೆ ಇಳಿದರು. ಗಾಳಿ ತುಂಬಿದ ಕಂಪ್ರೆಸರ್ ತನ್ನದೇ ಹೊಗೆಯನ್ನು ಸಿಲಿಂಡರಿಗೆ ಸೇರಿಸಿತ್ತು. ಕೆಳಗೆ ಇಬ್ಬರಿಗೂ ತಲೆ ಕೆಟ್ಟಿತು. ಕುಸ್ತೊ ಹಗ್ಗ ಜಗ್ಗಿದರೆ, ಮೇಲಿದ್ದ ಮೊರಿಸ್ ಫಾರ್ಗ್ ‘ಇನ್ನಷ್ಟು ಹಗ್ಗ ಬೇಕೇನೋ’ ಅಂದುಕೊಂಡು ಬಿಡುತ್ತಲೇ ಹೋದ! ಕೊನೆಗೆ ಅನುಮಾನ ಬಂದು ಎಳೆದದ್ದರಿಂದ ಇಬ್ಬರೂ ಉಳಿದರು. ಮರುವರ್ಷ ಅದೇ ಫಾರ್ಗ್ ಇನ್ನೂ ಆಳಕ್ಕೆ ಇಳಿದ. ಸಂಜ್ಞೆ ನಿಂತಿತು. ಮೇಲೆಳೆದಾಗ ಉಸಿರಿರಲಿಲ್ಲ, ಬಾಯಿಯ ಕೊಳವೆ ಎದೆಯ ಮೇಲೆ ಜೋತಾಡುತ್ತಿತ್ತು.

ಅಷ್ಟರಲ್ಲಿ ಆಕ್ವಾಲಂಗ್ ಅಂಗಡಿಗೆ ಬಂತು, ದುಡ್ಡಿದ್ದವರು ಕೊಂಡು ಸಮುದ್ರಕ್ಕೆ ಧುಮುಕಿದರು. ಹಾಗಾಗಿ 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ತರಬೇತುದಾರರನ್ನೇ ತಯಾರು ಮಾಡತೊಡಗಿತು. 1960ರಲ್ಲಿ ನೌಯಿ, 1966ರಲ್ಲಿ ಪ್ಯಾಡಿ ಸಂಸ್ಥೆಗಳು ಬಂದವು.

ಆಗಿನ ದೊಡ್ಡ ಪಾಠವೆಂದರೆ ಒಂದೇ ಕೊಳವೆಯಲ್ಲಿ ಇಬ್ಬರು ಸರದಿಯಂತೆ ಉಸಿರಾಡುವುದು. ಈಜುಕೊಳದಲ್ಲಿ ಸಲೀಸು. ಆದರೆ ಉಸಿರುಗಟ್ಟಿದವನ ಕೈಗೆ ಕೊಳವೆ ಸಿಕ್ಕರೆ ವಾಪಸ್ ಕೊಡ್ತಾನಾ? ಹೆದರಿ ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿದರೂ ಅಪಾಯವೇ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಪರಿಹಾರ ಸರಳವಾಗಿತ್ತು: ಒಬ್ಬನ ಒಳ್ಳೆಯತನವನ್ನು ನಂಬುವ ಬದಲು ಇನ್ನೊಂದು ಕೊಳವೆ ಸೇರಿಸುವುದು. 1960ರ ದಶಕದಲ್ಲಿ ಶುರುವಾದ ಅದು ನಿಧಾನಕ್ಕೆ ರೂಢಿಯಾಯಿತು.

1979ರಲ್ಲಿ ಗುಹಾ ಡೈವರ್ ಶೆಕ್ ಎಕ್ಸ್‌ಲಿ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಪುಸ್ತಕ ಬರೆದ. ಅದರ ಒಂದು ಮುಖ್ಯ ನಿಯಮ: ಹೋಗೋಕೆ ಗಾಳಿಯ ಮೂರನೇ ಒಂದು ಪಾಲು, ಬರೋಕೆ ಇನ್ನೊಂದು ಪಾಲು. ಉಳಿದದ್ದು ಆಪತ್ತಿಗೆ, ಅಂದರೆ ಜೊತೆಗಾರನಿಗೂ.

ಇಂದಿನ ರೆಸ್ಕ್ಯೂ ತರಬೇತಿ ನಿಂತಿರುವುದು ಇದೇ ಬುನಾದಿಯ ಮೇಲೆ. ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈ ಹಾಕು. ಅಗಲವಾದ ಕಣ್ಣು, ಒಂದೇ ಸಮ ಏಳುವ ಗುಳ್ಳೆ ಕಂಡರೆ ಆಗಲೇ ಎಚ್ಚರವಾಗು. ನೀರಿನ ಮೇಲೆ ಒದ್ದಾಡುವವನ ಕೈಗೆ ಸಿಗುವಷ್ಟು ಹತ್ತಿರ ನುಗ್ಗಬೇಡ, ಮೊದಲು ತೇಲುವುದೇನಾದರೂ ಎಸೆ. ಇಲ್ಲದಿದ್ದರೆ ಮುಳುಗುವವರು ಇಬ್ಬರಾಗುತ್ತಾರೆ. ಇದರಲ್ಲಿ ಹೀರೋಗಿರಿ ಎಲ್ಲೂ ಇಲ್ಲ ನೋಡಿ.

ಮುಂದಿನ ಸಲ ದೋಣಿಯಲ್ಲಿ ಕೈಸನ್ನೆ ಹೇಳಿಕೊಡುವಾಗ ಫೋನ್ ಒಳಗಿಡಿ. ಅಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ಒಂದು ಸನ್ನೆಗೆ ಒಂದೇ ಅರ್ಥ ಇರಬೇಕು ಅನ್ನೋದು ಯಾಕೆ ಅಂತ ವೊಕ್ಲೂಸಿನ ಆ ಹಗ್ಗವನ್ನು ಕೇಳಬೇಕು.